ನನ್ನ ಮೈಮೇಲಿನ ನಂಬರು

ನಾನು ಒಂದು ರೈಲು ಎಂಜಿನ್. ಎರಡಡಿಗೆ ಒಂದಂಗುಲ ಹೆಚ್ಚು ಉದ್ದ, ನಾಲ್ಕೂವರೆ ಕಿಲೊ ತೂಕ. ನೋಡಿದವರೆಲ್ಲ "ಎಷ್ಟು ಚೆಂದದ ಆಟಿಕೆ" ಎನ್ನುತ್ತಾರೆ. ಹಾಗೆ ಅಂದವರನ್ನು ನಾನು ನಂಬುವುದಿಲ್ಲ. ನಿಜ ಹೇಳಬೇಕೆಂದರೆ ಅನ್ನದವರನ್ನೂ ಅಷ್ಟಾಗಿ ನಂಬುವುದಿಲ್ಲ. ಇದು ನನ್ನ ಹುಟ್ಟುಗುಣ.

ಹುಟ್ಟಿದ್ದು ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಒಂದೇ ಅಚ್ಚಿನಿಂದ ಒಂದೇ ದಿನ ನಾವು ಇನ್ನೂರು ಜನ ಹೊರಬಂದೆವು. ಕರಿ ಬಣ್ಣ ಒಣಗಿದ ಮೇಲೆ ಮೆತ್ತನೆಯ ರಬ್ಬರಿನ ಗುಂಡೊಂದು ಇಳಿದು ಬಂದು ನನ್ನ ಟೆಂಡರಿನ ಮೇಲೆ, ಅಂದರೆ ಕಲ್ಲಿದ್ದಲು ನೀರು ಹೊರುವ ಹಿಂದಿನ ಪೆಟ್ಟಿಗೆಯ ಮೇಲೆ, ಒಮ್ಮೆ ಒತ್ತಿ ಎದ್ದಿತು. 'ಸಿಲ್ವರ್ ಪೈನ್ ರೈಲ್ವೆ' ಎಂಬ ಹಳದಿ ಅಕ್ಷರ, ಅದರ ಕೆಳಗೆ ನಲವತ್ತೆಂಟು ಎಂಬ ಅಂಕಿ. ಅಂಥ ರೈಲ್ವೆ ಭೂಮಿಯ ಮೇಲೆ ಎಲ್ಲಾದರೂ ಇತ್ತೋ ಇಲ್ಲವೋ ನನಗೆ ತಿಳಿಯದು. ಆದರೆ ಆ ಅಕ್ಷರ ಬಿದ್ದ ಗಳಿಗೆಯಿಂದ ನಾನು ನಾನಾದೆ. ಉಳಿದ ನೂರ ತೊಂಬತ್ತೊಂಬತ್ತು ಜನಕ್ಕೂ ಅದೇ ಹೆಸರು, ಅದೇ ಅಂಕಿ ಒತ್ತಿದ್ದನ್ನು ನೋಡಿಯೂ ನೋಡದವನಂತೆ ಇದ್ದುಬಿಟ್ಟೆ.

ಕೊನೆಯ ಮೇಜಿನಲ್ಲಿ ಒಬ್ಬ ಹೆಂಗಸು ಭೂತಗನ್ನಡಿ ಹಿಡಿದು ಕೂತಿದ್ದಳು. ಉಳಿದವರನ್ನೆಲ್ಲ ಒಂದೊಂದು ಕ್ಷಣ ನೋಡಿ ಕಳಿಸಿದಳು. ನನ್ನನ್ನು ಮಾತ್ರ ಎತ್ತಿ ನೋಡಿ ಪಕ್ಕಕ್ಕಿಟ್ಟಳು, ಊಟ ಮಾಡಿ ಬಂದಳು, ಮತ್ತೆ ನೋಡಿದಳು, ಆಮೇಲೆ ಡಬ್ಬಿಗೆ ಹಾಕಿದಳು. ನನ್ನಲ್ಲಿ ಏನು ಕಂಡಳೋ, ಏನನ್ನು ಮುಚ್ಚಿದಳೋ, ಇವತ್ತಿಗೂ ಗೊತ್ತಿಲ್ಲ. ನನ್ನ ಸಂಶಯಗಳ ಪಟ್ಟಿ ಅಲ್ಲಿಂದಲೇ ಶುರು.

ನನ್ನನ್ನು ಕೊಂಡವನು ಕಾರವಾರದ ಪೆಡ್ನೇಕರ, ಹಡಗಿನ ಎಂಜಿನಿಯರ್. ಯಾವುದೋ ಬಂದರಿನ ಅಂಗಡಿಯಿಂದ ನನ್ನನ್ನು ಎತ್ತಿಕೊಂಡು ಬಂದ. ಕಸ್ಟಮ್ಸಿನ ಅಧಿಕಾರಿಯೊಬ್ಬ ನನ್ನ ಹೊಗೆ ಕೊಳವೆಗೆ ಟಾರ್ಚ್ ಬಿಟ್ಟು, ಸ್ಕ್ರೂಡ್ರೈವರ್ ಆಡಿಸಿ, ಒಳಗೆ ಏನೂ ಇಲ್ಲವೆಂದು ಗೊತ್ತಾದಾಗ ಬೇಸರಪಟ್ಟುಕೊಂಡ. ಅವನ ಮೇಲೆ ನನಗೆ ಕೋಪವಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಇನ್ನೂ ಆಳಕ್ಕೆ ಆಡಿಸುತ್ತಿದ್ದೆ.

ಪೆಡ್ನೇಕರ ನನ್ನನ್ನು ಗಾಜಿನ ಕಪಾಟಿನಲ್ಲಿಟ್ಟ. ಇಟ್ಟವನು ಹತ್ತೊಂಬತ್ತು ವರ್ಷ ಒಮ್ಮೆಯೂ ಓಡಿಸಲಿಲ್ಲ. ಹಳಿಯನ್ನೇ ತಂದಿರಲಿಲ್ಲ. ಓಡಿಸದವನು ಎಂಜಿನ್ ಕೊಂಡದ್ದಾದರೂ ಏಕೆ ಎಂದು ಯೋಚಿಸಿ ಯೋಚಿಸಿ ನನ್ನ ಚಕ್ರಗಳು ಉಪ್ಪುಗಾಳಿಗೆ ಮಂಕಾದವು. ಕಡೆಗೆ ಅವನು ದೊಡ್ಡ ಮನೆ ಬಿಟ್ಟು ಸಣ್ಣ ಫ್ಲಾಟಿಗೆ ಹೋಗುವಾಗ ನನ್ನ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದ. ಅದನ್ನು ನೋಡಿಕೊಂಡು ಘಟ್ಟದ ಮೇಲಿಂದ ಒಬ್ಬಳು ಬಂದಳು.

ಅವಳ ಹೆಸರು ನೀಲಾ ಹೊಂಬಳ. ನಲವತ್ತು ದಾಟಿದ ಹೆಂಗಸು. ರೈಲು ನಿಲ್ದಾಣದ ರಿಸರ್ವೇಶನ್ ಕೌಂಟರಿನಲ್ಲಿ ಕೆಲಸ. ಇಪ್ಪತ್ತು ವರ್ಷ ಗಾಜಿನ ತೂತಿನಿಂದ ಜನರ ಮುಖವನ್ನೂ ಗುರುತಿನ ಚೀಟಿಯನ್ನೂ ತಾಳೆ ನೋಡಿದವಳು, ಆದ್ದರಿಂದ ಏನನ್ನು ನೋಡಿದರೂ ಹಾಗೇ ನೋಡುತ್ತಿದ್ದಳು. ಇವಳು ನಮ್ಮವಳು ಎಂದು ನನಗೆ ಒಳಗೊಳಗೇ ಅನ್ನಿಸಿತು. ಅಷ್ಟರಲ್ಲಿ ಅವಳು ನನ್ನ ಟೆಂಡರಿನ ಹಳದಿ ಅಕ್ಷರವನ್ನು ಉಗುರಿನಿಂದ ಕೆರೆದು, "ಈ ಅಕ್ಷರ ಹೋಗತಾವೇನ್ರಿ?" ಎಂದು ಕೇಳಿದಳು.

ಓಡುತ್ತದೆಯೇ ಎಂದು ಕೇಳಲಿಲ್ಲ, ಎಲ್ಲಿಯದು ಎಂದು ಕೇಳಲಿಲ್ಲ. ಅಕ್ಷರ ಹೋಗುತ್ತದೆಯೇ ಎಂದು ಕೇಳಿದಳು. ಕದ್ದ ಸೈಕಲ್ಲಿಗೂ ಮೊದಲು ಬಣ್ಣವನ್ನೇ ಬದಲಿಸುತ್ತಾರೆ.

ಅವಳ ಊರು ಬಯಲುಸೀಮೆಯ ಒಂದು ಜಂಕ್ಷನ್. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗಿ, ನಿಲ್ದಾಣದ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿರುವ ಹಳೆಯ ಉಗಿ ಎಂಜಿನ್ನನ್ನು ಬಗ್ಗಿ ಬಗ್ಗಿ ಪರೀಕ್ಷಿಸಲು ನಿಂತೀರಿ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ನೀಲಾ ನನ್ನನ್ನು ತನ್ನ ಮನೆಗೆ ಒಯ್ಯಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ, ನೇರ ಒಂದು ಸಣ್ಣ ಓಣಿಯ ಮನೆಗೆ ತಂದಳು. ಅಲ್ಲಿ ಜಗಲಿಯ ಮೇಲೆ ಎಪ್ಪತ್ತು ದಾಟಿದ ಒಬ್ಬ ಮನುಷ್ಯ ಹೆಂಡತಿಗೆ ಸೂಜಿ ಪೋಣಿಸಿ ಕೊಡುತ್ತಿದ್ದ. ಅವನೇ ಮಕ್ತುಮಸಾಬ ರಂಗ್ರೇಜ. ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ಪೇಂಟರ್ ಆಗಿದ್ದು ನಿವೃತ್ತನಾದವನು. ಎಂಜಿನ್ನು, ಡಬ್ಬಿಗಳ ಮೇಲೆ ಹೆಸರು, ನಂಬರು ಬರೆಯುವುದೇ ಅವನ ಕೆಲಸವಾಗಿತ್ತು.

"ಕಾಕಾ, ಇದರ ಮ್ಯಾಲಿನ ಅಕ್ಷರ ಎಲ್ಲಾ ತಗದು, ಅಪ್ಪ ನಡಸತಿದ್ದ ಎಂಜಿನ್ ಮಾಡಿ ಕೊಡ್ರಿ," ಎಂದಳು ನೀಲಾ. "ಅಪ್ಪ ಹುಟ್ಟಿದ್ದು ಖಂಡೇಪೂಜಿ ದಿನ. ಈ ಮಹಾನವಮಿಗೆ ಎಂಬತ್ತು ತುಂಬತಾವು. ಅವತ್ತ ಕೊಡಬೇಕಂತ ಮಾಡೀನಿ. ನಂಬರ್ ನಿಮಗ ಗೊತ್ತೈತಲ್ರಿ, ಇಪ್ಪತ್ನಾಕು ಹದಿನೇಳು."

ಆ ನಂಬರು ಕಿವಿಗೆ ಬಿದ್ದದ್ದೇ ತಡ, ಮಕ್ತುಮಸಾಬನ ಮುಖದ ಬಣ್ಣ ಬದಲಾಯಿತು. ಇದನ್ನು ನೋಡಿದವನು ನಾನೊಬ್ಬನೇ.

"ಬ್ಯಾರೆ ಯಾರ್ನರ ಕೇಳವ್ವ. ನನಗ ಈಗ ಕಣ್ಣ ಕಾಣೂದಿಲ್ಲ," ಎಂದ.

ಈಗಷ್ಟೇ ಸೂಜಿ ಪೋಣಿಸಿದ ಕಣ್ಣು! ನಾನು ಅವನನ್ನು ಪಟ್ಟಿಗೆ ಸೇರಿಸಿಕೊಂಡೆ.

"ಅಪ್ಪನ ಎಂಜಿನ್ನಿಗೆ ಕಡೀ ಸಲ ನಂಬರ್ ಬರದಾವ್ರು ನೀವ. ಬ್ಯಾರೆಯವ್ರು ಬರದ್ರ ಅಪ್ಪ ಒಪ್ಪತಾನೇನ್ರಿ?" ಎಂದು ನೀಲಾ ನನ್ನನ್ನು ಜಗಲಿಯ ಮೇಲಿಟ್ಟು, ಅವನು ಇನ್ನೊಮ್ಮೆ ಬೇಡ ಎನ್ನುವ ಮೊದಲೇ ಸ್ಕೂಟರ್ ಹತ್ತಿದಳು.

ಮರುದಿನದಿಂದ ನನ್ನ ಹೆಸರು ಅಳಿಸುವ ಕೆಲಸ ಶುರುವಾಯಿತು. ಅವನು ಮೊದಲು ನನ್ನನ್ನು ಬೋರಲು ಹಾಕಿ, ಯಾರಿಗೂ ಕಾಣದ ಹೊಟ್ಟೆಯ ಭಾಗಕ್ಕೆ ಒಂದು ಹನಿ ಸ್ಪಿರಿಟ್ ಹಚ್ಚಿ, ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆಯೇ ಎಂದು ಉಗುರಿನಿಂದ ಒತ್ತಿ ನೋಡಿದ. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಹಳೆಯ ಪೇಪರಿನ ಮೇಲೆ ದುಂಡಗೆ ಗೆರೆ ಎಳೆದು, ಯಾವುದು ಎಲ್ಲಿಯದೆಂದು ಬರೆದು ಇಟ್ಟ. ನೇರ ನಡೆಯ ಮನುಷ್ಯನಿಗೆ ಇಷ್ಟು ಎಚ್ಚರಿಕೆ ಏಕೆ ಬೇಕು ಎಂದುಕೊಂಡೆ.

ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮೊದಲ ಅಕ್ಷರದ ಮೇಲೆ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದ. ಹತ್ತಿ ಅರಿಸಿನ ಮೆತ್ತಿದಂತೆ ಹಳದಿಯಾಯಿತು. ನೋವಾಗಲಿಲ್ಲ. ನೋವಾಗಿದ್ದರೆ ಒಳ್ಳೆಯದಿತ್ತು, ಬೈಯಲಾದರೂ ಒಂದು ಕಾರಣ ಸಿಗುತ್ತಿತ್ತು. ಅಕ್ಷರಗಳು ಒಂದೊಂದಾಗಿ ಹತ್ತಿಗೆ ಹತ್ತಿ ಹೋದವು. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಕಡ್ಡಿ ಪೇಪರಿನ ಮೇಲೆ ಬಿದ್ದಿದ್ದವು, ನಲವತ್ತೆಂಟೂ ಹೋಗಿತ್ತು.

ಅವನು ನನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಬಣ್ಣ ಹೋದ ಜಾಗದಲ್ಲಿ ಅಕ್ಷರಗಳ ನೆರಳು ಹಾಗೇ ಉಳಿದಿತ್ತು. ಹತ್ತೊಂಬತ್ತು ವರ್ಷ ಬೆಳಕು ತಿಂದ ಕರಿ ಬೇರೆ, ಅಕ್ಷರದ ಅಡಿಯಲ್ಲಿ ತಣ್ಣಗೆ ಕೂತಿದ್ದ ಕರಿ ಬೇರೆ.

"ಇನ್ನೂ ಹೋಗಿಲ್ಲ ನೋಡ," ಎಂದು ತನ್ನಷ್ಟಕ್ಕೆ ಅಂದುಕೊಂಡ. ಆ ಮಾತು ನನಗೆ ಹೇಳಿದ್ದಲ್ಲ ಅನ್ನಿಸಿತು.

ನಯವಾದ ಎಮರಿ ಕಾಗದವನ್ನು ಸಾಬೂನು ನೀರಿನಲ್ಲಿ ನೆನೆಸಿ, ಬೆರಳ ತುದಿಯಿಂದ ಆ ನೆರಳನ್ನೂ ತಿಕ್ಕಿ ತೆಗೆದ. ತೊಳೆದು ನೆರಳಲ್ಲಿ ಒಣಗಿಸಿದ. ಅವತ್ತು ಸಂಜೆಯವರೆಗೆ ನಾನು ಬರಿ ಮೈಯಲ್ಲಿ ಜಗಲಿಯ ಮೇಲಿದ್ದೆ. ನನ್ನ ನೂರ ತೊಂಬತ್ತೊಂಬತ್ತು ಮಂದಿ ಒಡಹುಟ್ಟಿದವರಲ್ಲಿ ಯಾರನ್ನು ತಂದು ಪಕ್ಕಕ್ಕೆ ನಿಲ್ಲಿಸಿದರೂ ನಾನು ಯಾರು, ಅವರು ಯಾರು ಎಂದು ಹೇಳುವವರಿರಲಿಲ್ಲ. ಜೀವಮಾನವೆಲ್ಲ ಬೇರೆಯವರ ಮೇಲೆ ಸಂಶಯಪಟ್ಟ ನನಗೆ ಅಂದು ಮೊದಲ ಸಲ ನನ್ನ ಮೇಲೆಯೇ ಸಂಶಯ ಬಂತು. ತುಂಬಾ ಹೆದರಿದೆ.

ಬೂದು ಬಣ್ಣದ ಪ್ರೈಮರ್ ಆಯಿತು. ಹಿತ್ತಾಳೆಯ ಭಾಗಗಳಿಗೆ ಟೇಪು ಅಂಟಿಸಿ, ಮೂರು ತೆಳುವಾದ ಕರಿ ಕೋಟು ಆಯಿತು. ಮುಂದಿನ ಅಡ್ಡಪಟ್ಟಿಗೆ ಕೆಂಪು. ಕೊನೆಗೆ ಉದ್ದ ಕೂದಲಿನ ಬ್ರಷ್ ತೆಗೆದುಕೊಂಡು, ಅಳತೆಪಟ್ಟಿ ಇಡದೆ, ಉಸಿರು ಹಿಡಿದು ಟೆಂಡರಿನ ಸುತ್ತ ಒಂದು ಹಳದಿ ಗೆರೆ ಎಳೆದ. ಹೊಗಳುವುದು ನನ್ನ ಸ್ವಭಾವವಲ್ಲ. ಆದರೂ ಹೇಳುತ್ತೇನೆ, ಅಂಥ ಗೆರೆ ನನ್ನ ಕಾರ್ಖಾನೆಯ ಯಂತ್ರಕ್ಕೆ ಎಳೆಯಲು ಬರುತ್ತಿರಲಿಲ್ಲ.

ಇನ್ನು ನಂಬರೊಂದೇ ಬಾಕಿ. ಅಲ್ಲಿಗೆ ಅವನ ಕೈ ನಿಂತಿತು.

ಮೊದಲ ದಿನ ಬ್ರಷ್ ಅದ್ದಿಕೊಂಡು ಕೂತ, ಬಣ್ಣ ಬ್ರಷ್ಷಿನಲ್ಲೇ ಒಣಗಿತು. ಎರಡನೆಯ ದಿನ ಎರಡು ಅಂಕಿ ಬರೆದು, ಹಸಿಯಿರುವಾಗಲೇ ಬಟ್ಟೆಯಿಂದ ಒರೆಸಿದ. ಮೂರನೆಯ ದಿನ ನನ್ನ ಮುಂದೆ ಕೂರಲೂ ಇಲ್ಲ, ದೂರದಿಂದ ಒಮ್ಮೆ ನೋಡಿ ಚಹಾ ಕುಡಿಯಲು ಹೋದ. ಇಂಥ ಗೆರೆ ಎಳೆಯುವ ಕೈಗೆ ನಾಲ್ಕು ಅಂಕಿ ಬರೆಯಲು ಬಾರದೇ? ನನ್ನನ್ನು ಬೇರೆ ಯಾರಿಗೋ ದಾಟಿಸುವ ಹುನ್ನಾರ ನಡೆದಿದೆ, ಅದಕ್ಕೇ ನಂಬರು ಖಾಲಿ ಬಿಟ್ಟಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ ಓಣಿಯಲ್ಲಿ ಕೆಮ್ಮು ಕೇಳಿಸಿತು. ಮಕ್ತುಮಸಾಬ ಗಡಬಡಿಸಿ ನನ್ನ ಮೇಲೆ ಚಾದರ ಎಸೆದ. ಬಂದವನು ನೀಲಾಳ ಅಪ್ಪ ಫಕ್ಕೀರಪ್ಪ ಹೊಂಬಳ, ಉಗಿ ಎಂಜಿನ್ನುಗಳ ಕಾಲದ ಡ್ರೈವರ್. ಉಡುಗೊರೆ ಅವನ ಕಣ್ಣಿಗೆ ಬೀಳಬಾರದು ಎಂಬುದು ಸರಿಯೇ. ಆದರೆ ಚಾದರದ ಅಂಚಿನಿಂದ ನಾನು ನೋಡಿದ್ದು ಬೇರೆ. ಮಕ್ತುಮಸಾಬ ಅವನ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ.

"ನವಮಿಗೆ ಈ ಸಲ ದೊಡ್ಡ ಹಾರ ತಗೊಳ್ಳೂಣು, ಮಕ್ತುಮಾ," ಎಂದ ಫಕ್ಕೀರಪ್ಪ. "ನನ್ನ ಎಂಜಿನ್ ನೋಡ, ಅಕಿ ಸ್ಟೇಶನ್ ಮುಂದಿನ ಕಟ್ಟಿ ಮ್ಯಾಲೆ ನಿಂತು ಮೂವತ್ತು ವರ್ಷ ಆತು. ಪ್ರತಿ ವರ್ಷ ನೀ ಕಾಯಿ ಚೀಲ ಹಿಡಕೊಂಡ ಬರತಿ. ಈ ಸಲ ಕಾಯಿ ನೀ ಒಡಿ."

"ನಾ ಯಾಕಣ್ಣಾ. ನಿನ್ನ ಎಂಜಿನ್."

"ನಂಬರ್ ಬರದಾಂವ ನೀ. ಮಂದಿ ಹೇಳತಾರ, ಎಂಜಿನ್ ಅಂದ್ರ ಎಲ್ಲಾ ಒಂದ ಅಂತ. ನನ್ನ ಕಣ್ಣ ಕಟ್ಟಿ ನೂರ ಎಂಜಿನ್ ನಡಕ ಬಿಟ್ರೂ ನಾ ನನ್ನ ಎಂಜಿನ್ ಹುಡುಕತೀನಿ." ಇಷ್ಟು ಹೇಳಿ ಫಕ್ಕೀರಪ್ಪ ಚಹಾ ಮುಗಿಸಿ, ಕೋಲು ಊರಿಕೊಂಡು ಹೋದ. ಮಕ್ತುಮಸಾಬನ ಲೋಟದಲ್ಲಿ ಚಹಾ ಹಾಗೇ ಇತ್ತು.

ಅವನ ಹೆಂಡತಿ ಜೈತುನಬಿ ಕೌದಿ ಹೊಲಿಯುತ್ತ ಒಳಗೆ ಕೂತಿದ್ದಳು. ನನಗಿಂತಲೂ ಚುರುಕು ಕಣ್ಣಿನ ಹೆಂಗಸು. ಕೌದಿ ಹಿಡಿದೇ ಹೊರಗೆ ಬಂದು ಚಾದರ ಎತ್ತಿ ನನ್ನ ಖಾಲಿ ಜಾಗ ನೋಡಿ, "ಏನ್ರಿ, ನಾಕ ಅಂಕಿಗೆ ನಾಕ ದಿನ ಆತು. ಏನೈತಿ ಹೇಳ್ರಿ," ಎಂದು ಎದುರಿಗೇ ಕೂತಳು.

ಮಕ್ತುಮಸಾಬ ಆರಿದ ಚಹಾದ ಲೋಟ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ.

ಉಗಿ ಎಂಜಿನ್ನುಗಳು ನಿಂತ ವರ್ಷ ಒಂದೇ ಜಾತಿಯ ಎರಡು ಎಂಜಿನ್ನುಗಳು ಪೇಂಟ್ ಶೆಡ್ಡಿಗೆ ಬಂದಿದ್ದವು. ಫಕ್ಕೀರಪ್ಪನ ಇಪ್ಪತ್ನಾಲ್ಕು ಹದಿನೇಳು ನಿಲ್ದಾಣದ ಮುಂದಿನ ಕಟ್ಟೆಗೆ ಹೋಗಬೇಕು. ಇಪ್ಪತ್ಮೂರು ತೊಂಬತ್ತು ಗುಜರಿ ಯಾರ್ಡಿಗೆ. ಹಿತ್ತಾಳೆಯ ನಂಬರ್ ಪ್ಲೇಟುಗಳನ್ನು ಕಳ್ಳರ ಭಯಕ್ಕೆ ಬಿಚ್ಚಿ ಸ್ಟೋರಿನಲ್ಲಿಟ್ಟಿದ್ದರು. ಎರಡರ ಬಣ್ಣವನ್ನೂ ಕೆರೆದು ಬರಿ ಕಬ್ಬಿಣ ಮಾಡಿದ್ದರು. ಇದು ಇದು, ಅದು ಅದು ಎಂದು ತಿಳಿಯಲು ಮುಂದಿನ ಅಡ್ಡಪಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರೊಂದೇ ಆಧಾರ.

ಅಷ್ಟರಲ್ಲಿ ಖಂಡೇಪೂಜೆ ಬಂತು. ಮಕ್ತುಮಸಾಬ ನೆಂಟರ ಮದುವೆಗೆಂದು ಎರಡು ದಿನ ರಜೆ ಹಾಕಿದ್ದ. ಆಯುಧಗಳನ್ನೆಲ್ಲ ಪೂಜಿಸುವ ಹಬ್ಬ, ಶೆಡ್ಡಿನಲ್ಲಿ ಒಂದು ಸುತ್ತಿಗೆಯನ್ನೂ ತೊಳೆಯದೆ ಬಿಡುವುದಿಲ್ಲ. ಎಂಜಿನ್ನುಗಳಿಗೂ ಕೊಡದಲ್ಲಿ ನೀರು ಹೊಯ್ದು ಮೈ ತೊಳೆದು ವಿಭೂತಿ ಬಳಿದರು. ಸೀಮೆಸುಣ್ಣ ಹೋಯಿತು. ಸಾಲದ್ದಕ್ಕೆ, ಗುಜರಿಗೆ ಹೋಗುವ ಎಂಜಿನ್ನು ಪೂಜೆಯ ಮಂಟಪದ ಪಕ್ಕ ನಿಂತಿರುವುದು ಅಪಶಕುನ ಎಂದು ಯಾರೋ ಅಂದರಂತೆ. ಶಂಟಿಂಗಿನವರು ಎರಡನ್ನೂ ಎಳೆದು ಹಳಿ ಅದಲುಬದಲು ಮಾಡಿಬಿಟ್ಟರು. ರಜೆ ಮುಗಿಸಿ ಬಂದ ಮಕ್ತುಮಸಾಬ, ಎಡಗಡೆಯ ಹಳಿಯಲ್ಲಿದ್ದದ್ದು ಇಪ್ಪತ್ನಾಲ್ಕು ಹದಿನೇಳು ಎಂಬ ನೆನಪಿನ ಮೇಲೆ ಎರಡಕ್ಕೂ ನಂಬರು ಬರೆದು ಮುಗಿಸಿದ.

"ಹದಿನೈದ ದಿನ ಆದಮ್ಯಾಲೆ ಶಂಟಿಂಗಿನಾಂವ ಚಾ ಕುಡಿಯೂ ಮುಂದ ಸುಮ್ಮನ ಮಾತಿಗೆ ಅಂದ. ನಾ ಓಡಕೋತ ಯಾರ್ಡಿಗೆ ಹೋದೆ. ಅಷ್ಟೊತ್ತಿಗೆ ಅಕಿನ್ನ ಕೊಯ್ದು ತುಂಡ ಮಾಡಿದ್ರು. ಡ್ರೈವರಣ್ಣಗ ಹೇಳಬೇಕಂತ ಅವರ ಮನಿಗೆ ಹೋದ್ರ ಅಣ್ಣ ಓಣಿಗೆಲ್ಲಾ ಪೇಡೆ ಹಂಚಾಕತ್ತಿದ್ದ, ನನ್ನ ಎಂಜಿನ್ ಉಳೀತು ಅಂತ. ನನ್ನ ಬಾಯಾಗೂ ಒಂದ ಇಟ್ಟ."

ಜೈತುನಬಿಯ ಸೂಜಿ ನಿಂತಿತ್ತು.

"ಅಷ್ಟ ಆಗಿದ್ರ ಹೇಳತಿದ್ದೆ," ಎಂದ ಮಕ್ತುಮಸಾಬ. "ಆ ಗುಜರಿ ಮೋಡಕಾ ಎಂಜಿನ್ನ ಡೀಸೆಲ್ಲಿಗೆ ಕಟ್ಟಿ ಯಾರ್ಡಿಗೆ ಎಳಕೊಂಡ ಹೋದಾಂವ ಯಾರ ಗೊತ್ತೇನ? ಫಕ್ಕೀರಪ್ಪಣ್ಣ. ಅವತ್ತ ಅವನ ಡ್ಯೂಟಿ ಇತ್ತು. ತನ್ನ ಎಂಜಿನ್ನ ತಾನ ಒಯ್ದು ಕಟುಗರಿಗೆ ಕೊಟ್ಟು ಬಂದ. ಇದನ್ನ ನಾ ಯಾವ ಬಾಯಿಲೆ ಹೇಳ್ಲಿ?"

ಅವನ ಮೇಲೆ ನಾನು ಹೊರಿಸಿದ್ದು ಕಳ್ಳತನ. ಅವನು ಹೊತ್ತಿದ್ದು ಇದು. ನನಗೆ ನಾಚಿಕೆಯಾಯಿತು.

"ಹಂಗಾರ ಈಗೂ ಹದಿನೇಳು ಅಂತ ಬರದು ಕೊಟ್ಟುಬಿಡ್ರಿ. ಎಂಬತ್ತು ವರ್ಷದ ಮನಶ್ಯಾ, ಸುಖದಿಂದ ಇರಲಿ," ಎಂದಳು ಜೈತುನಬಿ.

"ಒಮ್ಮಿ ತಪ್ಪಿ ಬರದೆ. ಈಗ ತಿಳದು ಬರೀಲಿ ಏನ?"

ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಎದ್ದು ನನ್ನ ಮೇಲೆ ಚಾದರ ಸರಿಮಾಡಿ ಒಳಗೆ ಹೋದಳು. ಹೇಳಿದರೆ ಒಬ್ಬ ಮುದುಕನ ಮೂವತ್ತು ವರ್ಷದ ಸಂತೋಷ ಹೋಗುತ್ತದೆ, ಜೊತೆಗೆ ಒಬ್ಬ ಗೆಳೆಯನೂ ಹೋಗಬಹುದು. ಹೇಳದಿದ್ದರೆ ಸುಳ್ಳನ್ನು ನನ್ನ ಮೈಮೇಲೆ ಬರೆಯಬೇಕು. ಇದರ ಮಧ್ಯೆ ನನ್ನ ಸಿಲ್ವರ್ ಪೈನ್ ರೈಲ್ವೆಯ ದುಃಖ ಯಾರಿಗೆ ಹೇಳಲಿ?

ನವಮಿ ಬಂತು. ಮಕ್ತುಮಸಾಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನು ಎದೆಗವಚಿಕೊಂಡು ಫಕ್ಕೀರಪ್ಪನ ಮನೆಗೆ ನಡೆದ. ದಾರಿಯುದ್ದಕ್ಕೂ ಅವನ ಎದೆ ಬಡಿಯುವುದು ನನ್ನ ಚಕ್ರಗಳಿಗೆ ತಾಗುತ್ತಿತ್ತು. ನಂಬರಿನ ಜಾಗ ಖಾಲಿಯೇ ಇತ್ತು. ಕೊನೆಯ ಗಳಿಗೆಯಲ್ಲಿ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಾನೆ ಎಂದು ನಾನು ಅಂದುಕೊಂಡೆ. ಒಮ್ಮೆ ನಾಚಿಕೆಪಟ್ಟ ಮಾತ್ರಕ್ಕೆ ಹುಟ್ಟುಗುಣ ಹೋಗುತ್ತದೆಯೇ?

ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ ಇದ್ದರು. ಮೇಜಿನ ಮೇಲೆ ಹೋಳಿಗೆ, ಬದಿಗೆ ಕಾಯಿ, ದೊಡ್ಡ ಚೆಂಡುಹೂವಿನ ಹಾರ. ನೀಲಾ ಬಟ್ಟೆ ಸರಿಸಿದಳು. ಫಕ್ಕೀರಪ್ಪ ನನ್ನನ್ನು ನೋಡಿ, ಕೆಂಪು ಪಟ್ಟಿಯನ್ನೂ ಹಳದಿ ಗೆರೆಯನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಕಣ್ಣು ತುಂಬಿಕೊಂಡಿತ್ತು.

"ನಂಬರ್ ಎಲ್ಲಿ ಕಾಕಾ?" ಎಂದಳು ನೀಲಾ.

ಮಕ್ತುಮಸಾಬ ಕೂರಲಿಲ್ಲ. ನಿಂತುಕೊಂಡೇ ಹೇಳಿದ. ಸೀಮೆಸುಣ್ಣ, ಮದುವೆಯ ರಜೆ, ಅದಲುಬದಲಾದ ಹಳಿ, ಕೊಯ್ದು ಬಿದ್ದಿದ್ದ ಎಂಜಿನ್ನು, ಪೇಡೆ. ತಪ್ಪನ್ನು ಶಂಟಿಂಗಿನವರ ಮೇಲಾಗಲಿ, ನೀರು ಹೊಯ್ದವರ ಮೇಲಾಗಲಿ ಹಾಕಲಿಲ್ಲ. "ಸ್ಟೋರಿಗೆ ಹೋಗಿ ಪ್ಲೇಟ್ ನೋಡಿ, ಎಂಜಿನ್ನಿನ ಕಬ್ಬಿಣದ ಮ್ಯಾಲಿನ ಅಚ್ಚ ನೋಡಿ ಬರೀಬೇಕಾಗಿತ್ತು. ನಾ ನೋಡಲಿಲ್ಲ," ಎಂದು ಮುಗಿಸಿದ.

ಈವರೆಗೆ ನಾನು ಈ ಇಬ್ಬರನ್ನೂ ಅವನು, ಇವನು ಎನ್ನುತ್ತ ಬಂದೆ. ಆ ಮಾತು ಕೇಳಿದ ಮೇಲೆ ನನ್ನಿಂದ ಹಾಗೆ ಹೇಳಲಾಗುವುದಿಲ್ಲ. ಇನ್ನು ಮುಂದೆ ಅವರು ಎನ್ನುತ್ತೇನೆ.

ಫಕ್ಕೀರಪ್ಪ ನನ್ನ ಮೈಮೇಲಿನ ಕೈ ಹಿಂದೆಗೆದರು.

"ಆ ಎಂಜಿನ್ನ ಎಳಕೊಂಡ ಹೋದಾಂವ ನಾನ," ಎಂದರು.

"ಹೌದಣ್ಣಾ."

"ನನ್ನ ಕೈಯಾರೆ ಬಿಟ್ಟ ಬಂದೆ."

"ಹೌದು."

ಅವರು ಎದ್ದು ಹಿತ್ತಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನೀಲಾ ಏಳಹೋದಳು, ಮಕ್ತುಮಸಾಬರು ಬೇಡವೆಂದು ಕೈಸನ್ನೆ ಮಾಡಿದರು. ಕೋಲು ತೆಗೆದುಕೊಂಡು ಬಂದು ಹೊಡೆಯಬಹುದು ಎಂದು ನಾನು ಎಣಿಸಿದೆ. ಮುಖ ತೊಳೆದುಕೊಂಡು ಬಂದ ಫಕ್ಕೀರಪ್ಪ ಕುರ್ಚಿಯಲ್ಲಿ ಕೂತು, ಟವೆಲಿನಿಂದ ನಿಧಾನವಾಗಿ ಮುಖ ಒರೆಸಿಕೊಂಡರು.

"ಅಕಿ ಮ್ಯಾಲೆ ಹತ್ತಾಕ ಇದ್ದ ಮೆಟ್ಟಲಾ ಒಮ್ಮಿ ಮುರದಿತ್ತು," ಎಂದರು. "ನಾನ ನಿಂತು ಬೆಸಿಗಿ ಹಾಕಿಸಿ ತ್ಯಾಪಿ ಕೂಡಿಸಿದ್ದೆ. ದಿನಾ ಅದರ ಮ್ಯಾಲೆ ಕಾಲಿಟ್ಟ ಹತ್ತಾಂವ. ಕಟ್ಟಿ ಮ್ಯಾಲೆ ನಿಂತದ್ದಕ್ಕ ಆ ತ್ಯಾಪಿ ಇಲ್ಲ. ಮೊದಲನೇ ವರ್ಷಾನ ನೋಡೀನಿ."

ಮಕ್ತುಮಸಾಬರ ಬಾಯಿ ತೆರೆದೇ ಇತ್ತು. "ಮತ್ತ ನನ್ನ ಕೇಳಲಿಲ್ಲ ಯಾಕ?"

"ಹೊಸಾ ಮೆಟ್ಟಲಾ ಕೂಡಿಸಿರಬೇಕು ಅಂತ ಮನಸ್ಸಿಗೆ ಹೇಳಕೊಂಡೆ. ಪ್ರತಿ ವರ್ಷ ಹೇಳಕೋತ ಬಂದೆ. ಕೇಳಿದ್ರ ನೀ ಹೇಳಿಬಿಡತಿದ್ದಿ."

ಮೂವತ್ತು ವರ್ಷ ಇಬ್ಬರೂ ಒಂದೇ ಎಂಜಿನ್ನಿನ ಮುಂದೆ ನಿಂತಿದ್ದರು. ಒಬ್ಬರು ಗೊತ್ತಿದ್ದೂ ಹೇಳಲಿಲ್ಲ, ಒಬ್ಬರು ಸಂಶಯವಿದ್ದೂ ಕೇಳಲಿಲ್ಲ. ಸಂಶಯದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಆದರೆ ನನ್ನದು ಎಲ್ಲರ ಮೇಲೂ ಸುರಿಯುವ ಅಗ್ಗದ ಸಂಶಯ. ಒಂದೇ ಸಂಶಯವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು, ಮೇಲೆ ಹಾರ ಹಾಕಿ ಬರುವುದು ನನ್ನಿಂದ ಆಗುತ್ತಿರಲಿಲ್ಲ.

"ಬ್ರಷ್ ತಂದೀ ಏನ?" ಎಂದರು ಫಕ್ಕೀರಪ್ಪ.

ಮಕ್ತುಮಸಾಬರ ಅಂಗಿಯ ಜೇಬಿನಲ್ಲಿ ಬ್ರಷ್ಷೂ ಬೆರಳುದ್ದದ ಬಣ್ಣದ ಡಬ್ಬಿಯೂ ಇದ್ದವು. "ಯಾವದು ಬರೀಲಿ?" ಎಂದರು.

"ಇಪ್ಪತ್ಮೂರು ತೊಂಬತ್ತು."

ನೀಲಾ ಬೆಚ್ಚಿದಳು. "ಅಪ್ಪಾ, ಅದು ನಿನ್ನ ನಂಬರ್ ಅಲ್ಲ."

"ಅಕಿ ಹೋಗೂ ಮುಂದ ಮೈಮ್ಯಾಲೆ ಇದ್ದದ್ದು ಅದ. ಆ ಹೆಸರಿಲೆ ಹೋದಾಕಿನ್ನ ಆ ಹೆಸರಿಲೆ ಮನಿಗೆ ಕರಕೋತೀನಿ. ಬರಿ, ಮಕ್ತುಮಾ."

ಮಕ್ತುಮಸಾಬರು ನನ್ನನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಈ ಸಲ ಕೈ ಎಲ್ಲಿಯೂ ನಿಲ್ಲಲಿಲ್ಲ. ನಾಲ್ಕು ಅಂಕಿಗಳು ನನ್ನ ಮೈಮೇಲೆ ಒಂದರ ಪಕ್ಕ ಒಂದು ತಣ್ಣಗೆ ಕೂತವು. ಬರೆದು ಮುಗಿಸಿ, ಬ್ರಷ್ ಒರೆಸುವಾಗ ಮಾತ್ರ ಅವರು ಅತ್ತರು. ಫಕ್ಕೀರಪ್ಪ ಒಂದು ಹೋಳಿಗೆ ಮುರಿದು ಅವರ ಕೈಗೆ ಕೊಟ್ಟು, ಅವರು ತಿನ್ನುವವರೆಗೆ ನೋಡುತ್ತ ಕೂತರು.

ಅಂದಿನಿಂದ ನಾನು ಇಲ್ಲೇ ಇದ್ದೇನೆ. ನಡುಮನೆಯ ಕಪಾಟಿನ ಮೇಲೆ, ಗೋಡೆ ಗಡಿಯಾರದ ಕೆಳಗೆ. ಇಲ್ಲಿಯೂ ಹಳಿ ಇಲ್ಲ, ಓಡಿಸುವುದೂ ಇಲ್ಲ. ಅದರ ಬಗ್ಗೆ ಈಗ ನನ್ನ ದೂರಿಲ್ಲ. ಹಳೆಯ ರೈಲ್ವೆಯವರು ಬಂದರೆ ನನ್ನನ್ನು ನೋಡಿ, "ಹೊಂಬಳ ಅವರ, ನಂಬರ್ ತಪ್ಪೇತ್ರಿ, ನಿಮ್ಮದು ಹದಿನೇಳು," ಎನ್ನುತ್ತಾರೆ. ಫಕ್ಕೀರಪ್ಪ ತಿದ್ದುವುದಿಲ್ಲ, ಚಹಾ ತರಲು ಹೇಳುತ್ತಾರೆ. ನನ್ನ ಹಳದಿ ಅಕ್ಷರಗಳ ನೆನಪು ಒಮ್ಮೊಮ್ಮೆ ಬರುತ್ತದೆ. ಇನ್ನೂರು ಜನರ ಮೇಲೆ ಒತ್ತಿದ್ದ ಹೆಸರದು, ಒಬ್ಬನ ಮೇಲಿನದು ಅಳಿಸಿದ್ದಕ್ಕೆ ಯಾರೂ ಅಳಲಿಲ್ಲ. ಈಗಿನ ನಂಬರಿಗಾಗಿ ಇಬ್ಬರು ಅತ್ತಿದ್ದಾರೆ. ನಾನಲ್ಲದ ಎಂಜಿನ್ನಿನ ನಂಬರನ್ನು, ಅದೂ ಅದರದ್ದಲ್ಲದ ನಂಬರನ್ನು ಹೊತ್ತು ಕೂತಿದ್ದೇನೆ ಎಂಬುದು ನಿಜ. ಆದರೂ ನನ್ನಷ್ಟು ಸರಿಯಾದ ನಂಬರು ಹೊತ್ತ ಎಂಜಿನ್ನು ಈ ಊರಿನಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ನಂಬಿಕೆ ಎಂಬ ಮಾತನ್ನು ನಾನು ಬಳಸುವುದು ಅಪರೂಪ.

ಈ ವರ್ಷ ಮತ್ತೆ ನವಮಿ ಬಂತು. ಫಕ್ಕೀರಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಹಾರ ತರಿಸಿ, ಬಾಗಿಲಲ್ಲಿ ಮಕ್ತುಮಸಾಬರ ದಾರಿ ನೋಡುತ್ತ ನಿಂತಿದ್ದರು. ಇದರಲ್ಲಿ ಏನೋ ಇದೆ ಎಂದು ನನ್ನ ಕಿವಿ ನೆಟ್ಟಗಾಯಿತು. ನೀಲಾಳಿಗೂ ಹಾಗೇ ಅನ್ನಿಸಿರಬೇಕು.

"ಅಪ್ಪಾ, ಕಟ್ಟಿ ಮ್ಯಾಲಿಂದು ನಿನ್ನ ಎಂಜಿನ್ ಅಲ್ಲಂತ ಗೊತ್ತಾತಲ್ಲ. ಇನ್ನೂ ಯಾಕ ಹೋಗತಿ?"

ಫಕ್ಕೀರಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು. "ಮೂವತ್ತೊಂದ ವರ್ಷ ಆತವ್ವ, ನನ್ನ ಎಂಜಿನ್ನಿನ ಡ್ಯೂಟಿ ಅದು ಮಾಡಾಕತ್ತೈತಿ. ಬದಲಿ ಡ್ಯೂಟಿ. ಹೋಗಿ ಬಿಡಸೋಣಂದ್ರ ನಮ್ಮ ಕಡೆ ಬ್ಯಾರೆ ಎಂಜಿನ್ ಇಲ್ಲ."

ಅಷ್ಟರಲ್ಲಿ ಮಕ್ತುಮಸಾಬರು ಬಂದರು. ಕಾಯಿಯ ಚೀಲ ಅವರು ಹಿಡಿದರು, ಹಾರ ಇವರು ಹಿಡಿದರು. ಇಬ್ಬರೂ ಓಣಿ ದಾಟಿ ನಿಲ್ದಾಣದ ಕಡೆ ತಿರುಗುವವರೆಗೆ ನನಗೆ ಕಾಣಿಸುತ್ತಿದ್ದರು. ಅಂದು ಸಂಜೆಯವರೆಗೆ ನನಗೆ ಯಾರ ಮೇಲೂ ಸಂಶಯ ಬರಲಿಲ್ಲ.